ಅರ್ಧ ಪಾಲು ಉಸುಕು

ಭತ್ತದ ಹೊಟ್ಟು ಸುಡುವ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನಾನು ಕಿವಿಗೊಟ್ಟು ನಿಂತುಬಿಡುತ್ತೇನೆ. ಉಳಿದವರಿಗೆ ಅದು ಬರೀ ಹೊಗೆ. ನನಗೆ ಅದು ಸಿರುಗುಪ್ಪದ ನಮ್ಮ ಮಂಡಕ್ಕಿ ಭಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಳಿತ ಅವ್ವ, ಬಾಣಲೆಯ ಕಾದ ಉಸುಕಿನಲ್ಲಿ ಅಕ್ಕಿ ಚಟಪಟ ಅರಳುವ ಸದ್ದು. ಎಪ್ಪತ್ತರ ದಶಕದ ಮಾತು. ಭಟ್ಟಿ ನಿಂತರೆ ಮನೆ ಬಿಟ್ಟು ತೆಕ್ಕಲಕೋಟೆಯ ಸೋದರಮಾವನ ಆಸರೆಗೆ ಹೋಗಬೇಕು, ನನ್ನ ಸಾಲೆ ಬಿಡಿಸಬೇಕು ಎಂದು ಅಪ್ಪ ಒಮ್ಮೆ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದಿನಿಂದ ಬೆಳಗ್ಗೆ ಎಚ್ಚರವಾದರೂ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಬಿದ್ದಿರುತ್ತಿದ್ದೆ. ಆ ಚಟಪಟ ಕೇಳಿದ ಮೇಲೆಯೇ ಏಳುವುದು. ಇಂಥ ಬೆಳಗುಗಳನ್ನು ಕಂಡವರು ನೀವಾಗಿದ್ದರೆ ಈ ಪುಕ್ಕಲುತನಕ್ಕೆ ನಗಲಾರಿರಿ.

ನನ್ನ ಹೆದರಿಕೆಗೆ ಒಂದು ಹೆಸರೂ ಇತ್ತು: ಬಸಕ್ಕ. ಗಂಡ ಸತ್ತ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಕುರುಗೋಡಿನಿಂದ ಬಂದವಳು. ಊರ ತುಂಬ ಜಾಗವಿದ್ದರೂ ನಮ್ಮ ಪಕ್ಕದಲ್ಲೇ ಭಟ್ಟಿ ಹಾಕಿದಳು, ಪುಣ್ಯಾತ್ಗಿತ್ತಿ! ಆಕೆ ಸೇರಿನ ಮೇಲೆ ಒಂದು ಹಿಡಿ ಹೆಚ್ಚು ಹಾಕಿದರೆ ಅವ್ವ ಎರಡು ಹಿಡಿ ಹಾಕುವಳು. ಆಕೆ ನಸುಕಿಗೆ ಒಲೆ ಹಚ್ಚಿದರೆ ಅವ್ವ ಇನ್ನೂ ಮುಂಚೆ. ಇಬ್ಬರಿಗೂ ನೇರ ಮಾತಿಲ್ಲ. "ಗಿರಾಕಿ ಕರಿಯಾಕ ಬಾಯಿ ಇದ್ರ ಸಾಲದವ್ವ, ಹುರಿಯಾಕ ಕೈನೂ ಬೇಕು," ಎಂದು ಅವ್ವ ನನ್ನ ಕಡೆ ಮುಖ ಮಾಡಿ ಆಚೆಗೆ ಕೇಳುವಂತೆ ಅನ್ನುವಳು. ಆಚೆಯಿಂದ ಬಸಕ್ಕ ತನ್ನ ಮಗಳಿಗೆ, "ಅಷ್ಟು ಚಲೋ ಕೈ ಇದ್ದಾವ್ರ ಮಂಡಾಳು ಯಾಕ ಕರ್ರಗಾಗ್ತಾವಂತ ಕೇಳ ಮಗಳ," ಅನ್ನುವಳು. ನಾವಿಬ್ಬರು ಹುಡುಗಿಯರು ಕೇಳಿಯೂ ಕೇಳದವರಂತೆ ಚೀಲ ತುಂಬುತ್ತಿದ್ದೆವು.

ಆ ವರ್ಷ ಬಳ್ಳಾರಿ ಬ್ರೂಸ್‌ಪೇಟೆಯ ಸಗಟು ವ್ಯಾಪಾರಿಯೊಬ್ಬರು ಹೇಳಿಕಳಿಸಿದ್ದರು: ದೀಪಾವಳಿ ಮುಗಿದ ಮೇಲೆ ಇಬ್ಬರ ಮಾಲನ್ನೂ ತಿಂದು ನೋಡುತ್ತಾರಂತೆ, ಯಾರದು ಚೆನ್ನಾಗಿದೆಯೋ ಅವರಿಂದಲೇ ವರ್ಷವಿಡೀ ಖರೀದಿ. ಅದು ಸಿಕ್ಕರೆ ನಾವು ಉಳಿದೆವು. ಅಷ್ಟರಲ್ಲಿ ಜಡಿಮಳೆ ಹಿಡಿದು ಬಸಕ್ಕನ ಹಿತ್ತಲ ಮಣ್ಣಿನ ಗೋಡೆ ಭಟ್ಟಿಯ ಮೇಲೆಯೇ ಕುಸಿಯಿತು. ತಾಯಿ ಮಗಳು ಬಚಾವಾದರು. ಉಸುಕು ಮಾತ್ರ ಕೆಸರಾಗಿ ಹೋಯಿತು. ಉಸುಕೆಂದರೆ ಭಟ್ಟಿಯ ಜೀವ. ಹೊಳೆಯಿಂದ ತಂದ ಮರಳನ್ನು ತೊಳೆದು, ಜರಡಿ ಹಿಡಿದು, ತಿಂಗಳುಗಟ್ಟಲೆ ಕಾಯಿಸಿ ಪಳಗಿಸಬೇಕು. ಹೊಸ ಉಸುಕಿನಲ್ಲಿ ಹುರಿದರೆ ಅಕ್ಕಿ ಸೀಯುತ್ತದೆ, ಅರಳಿದ್ದೂ ಹಲ್ಲಿಗೆ ಗರಗರ. "ದೇವ್ರು ನಮ್ಮ ಕಡಿ ಅದಾನ," ಎಂದ ಅಪ್ಪ. ನನ್ನ ಸಾಲೆ ಉಳಿಯಿತೆಂದು ನನಗೂ ಎದೆ ಹಗುರಾಯಿತು.

ಮರುದಿನ ನೋಡಿದರೆ ಅವ್ವ ನಮ್ಮ ಉಸುಕನ್ನು ಜರಡಿ ಹಿಡಿದು ಅರ್ಧ ಪಾಲು ಬುಟ್ಟಿಗೆ ತುಂಬುತ್ತಿದ್ದಾಳೆ! ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಏನ್ ಮಾಡಾಕತ್ತೀ? ತಲಿ ಕೆಟ್ಟೈತೇನು?"

"ಆಕಿ ಮಗಳು ನಿನ್ನಿಯಿಂದ ಉಂಡಿಲ್ಲರಿ."

"ನಾಳಿ ನಮ್ಮ ಮಗಳು ಉಪಾಸ ಬಿದ್ರ?"

ಅವ್ವನ ಕೈ ನಿಂತಿತು. ನನ್ನನ್ನೇ ನೋಡಿದಳು. ಬೇಡ ಅವ್ವಾ ಅನ್ನುವಂತೆ ನಾನು ಬುಟ್ಟಿಯ ಅಂಚು ಹಿಡಿದುಕೊಂಡೆ. "ಆಕಿನ ನಾ ಸೋಲಿಸ್ತೀನ್ರಿ," ಎಂದಳು ಅವ್ವ. "ಹುರದು ಸೋಲಿಸ್ತೀನಿ. ಗ್ವಾಡಿ ಬಿದ್ದು ಆಕಿ ಸೋತ್ರ ಅದು ನಾ ಗೆದ್ದಂಗ ಅಲ್ಲ." ಬುಟ್ಟಿ ಹೊತ್ತು ಹೋಗಿ ಬಸಕ್ಕನ ಹೊಸ್ತಿಲಲ್ಲಿ ಇಳಿಸಿದಳು. "ದಾನ ಅಲ್ಲವ್ವ ಇದು. ಭಟ್ಟಿ ಹಚ್ಚು," ಎಂದು ಸಿಡುಕಿ ತಿರುಗಿ ಬಂದಳು. ಬಸಕ್ಕ ಬುಟ್ಟಿಯನ್ನು ಒಳಗೆ ಎಳೆದುಕೊಂಡಳು.

ಆಮೇಲಿನ ದಿನಗಳು ಯಾರಿಗೂ ಬೇಡ. ಎರಡೂ ಭಟ್ಟಿಗಳಲ್ಲಿ ಅರ್ಧ ಹಳೆಯ ಉಸುಕು, ಅರ್ಧ ಹೊಸದು. ಗಿರಾಕಿಗಳು ಮಂಡಕ್ಕಿಯನ್ನು ನಮ್ಮ ಮುಂದೆಯೇ ಉಗುಳಿ ಹೋದರು. ಅಪ್ಪ ಮಾತು ಬಿಟ್ಟ. ಅವ್ವ ಬೆರಳು ಸುಟ್ಟುಕೊಂಡು ಮತ್ತೆ ಮತ್ತೆ ಜರಡಿ ಹಿಡಿದಳು, ಕಾಯಿಸಿದಳು, ಚೆಲ್ಲಿದಳು. ದೀಪಾವಳಿ ಕಳೆಯಿತು. ಬ್ರೂಸ್‌ಪೇಟೆಯ ವ್ಯಾಪಾರಿಯ ಆಳು ಬಂದು ಎರಡೂ ಮನೆಯ ಚೀಲ ಒಯ್ದ. ಖರೀದಿ ಬಸಕ್ಕನ ಪಾಲಾಯಿತು.

ಅವ್ವ ಸುದ್ದಿ ಕೇಳಿ ನನ್ನ ಕೈಯಲ್ಲಿ ಬಸಕ್ಕನ ಮಂಡಕ್ಕಿ ತರಿಸಿದಳು. ಒಂದು ಹಿಡಿ ಬಾಯಿಗೆ ಹಾಕಿ ಕಣ್ಣು ಮುಚ್ಚಿ ಅಗಿದಳು. "ಹಾಳಾದಾಕಿ, ಚಲೋ ಹುರದಾಳ," ಎಂದವಳೇ ಗಳಗಳ ಅತ್ತುಬಿಟ್ಟಳು. ನಾನೂ ಅತ್ತೆ, ತೆಕ್ಕಲಕೋಟೆ ಕಣ್ಣ ಮುಂದೆ ಬಂದು. ಆದರೆ ಅವ್ವ ಮುಖ ತೊಳೆದು ಒಲೆ ಹಚ್ಚಿದಳು. ಮಾರದೆ ಉಳಿದ ಮಂಡಕ್ಕಿಗೆ ಒಗ್ಗರಣೆ ಹಾಕಿ, ಮಿರ್ಚಿ ಕರಿದು, ಬಸ್ ಸ್ಟ್ಯಾಂಡಿನ ಬದಿ ಕುಳಿತು ಮಾರಿದಳು. ನನ್ನ ಸಾಲೆ ತಪ್ಪಲಿಲ್ಲ. ಮುಂದಿನ ವರ್ಷ ಖರೀದಿಯನ್ನು ಬಸಕ್ಕನಿಂದ ಕಿತ್ತುಕೊಂಡಳು, ಅದರ ಮುಂದಿನ ವರ್ಷ ಮತ್ತೆ ಕಳೆದುಕೊಂಡಳು. ಹೀಗೇ ಇಬ್ಬರೂ ಹುರಿದರು, ಹೆಣ್ಣುಮಕ್ಕಳನ್ನು ಬೆಳೆಸಿದರು. ಉಸುಕು ಕೊಟ್ಟ ಆ ಒಂದು ಸಲ ಬಿಟ್ಟರೆ ಇಬ್ಬರ ನಡುವೆ ನೇರ ಮಾತು ಕೊನೆಗೂ ನಡೆಯಲಿಲ್ಲ.

ಈಗ ಆ ಭಟ್ಟಿಗಳಿಲ್ಲ. ನೀವು ಹುಡುಕಿಕೊಂಡು ಹೋದರೂ ಇಲ್ಲಿತ್ತು ಎಂದು ತೋರಿಸುವವರಿಲ್ಲ. ಎಂಬತ್ತರ ದಶಕದಲ್ಲಿ ಬಸಕ್ಕ ತೀರಿಕೊಂಡಳು. ಆಗ ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಸಂಸಾರ ಹೂಡಿದ್ದೆ. ಸುದ್ದಿ ತಿಳಿದು ಓಡಿ ಬಂದೆ. ಅವ್ವ ಹೆಣದ ಬದಿಯಿಂದ ಏಳಲೇ ಇಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಒಲೆಗೆ ಹೊಟ್ಟು ತುಂಬಿದಳು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದಳು, ಹಾಗೇ ಕುಳಿತಳು.

"ಹೊತ್ತಾತು, ಹಚ್ಚಂಗಿಲ್ಲೇನು?" ಎಂದ ಅಪ್ಪ.

"ಯಾರ ಕೂಡ ಹಟಕ್ಕ ಬಿದ್ದು ಹಚ್ಚಲ್ರಿ?" ಎಂದಳು ಅವ್ವ.

ಅಂದು ನಮ್ಮ ಭಟ್ಟಿ ಉರಿಯಲಿಲ್ಲ. ಆಮೇಲೆಯೂ ಉರಿಯಲಿಲ್ಲ.