ಮೇಸ್ತ್ರಿ ಸಿಕ್ಕಿಬಿದ್ದ ಮೂಲೆ

ನೆಲಕ್ಕೆ ಕಲ್ಲು ಹಾಸುವ ಕಸುಬಿನಲ್ಲಿ ಮೇಸ್ತ್ರಿಯವರ ನಲವತ್ತು ವರ್ಷ ಸವೆದಿತ್ತು, ಜೊತೆಗೆ ಎರಡು ಮಂಡಿಗಳೂ. ಅವರ ಕಟ್ಟಳೆ ಎರಡೇ: ಹಾಸಿದ ಕಲ್ಲನ್ನು ಮೆಟ್ಟಬಾರದು, ಕೊನೆಯ ಕಲ್ಲು ಬಾಗಿಲಲ್ಲೇ ಬೀಳಬೇಕು. ಇಲ್ಲದಿದ್ದರೆ ತಾನು ಹಾಸಿದ ನೆಲದಲ್ಲಿ ತಾನೇ ಕೈದಿ.

ಅವರು ಹಾಗೆ ಕೈದಿಯಾದದ್ದು ಒಂದೇ ಸಲ, ಅದೂ ಸ್ವಂತ ಮನೆಯಲ್ಲಿ. ಮದುವೆಯಾದ ಹೊಸತು. ಹೊಸ್ತಿಲಲ್ಲಿ ಕೂತ ಹೆಂಡತಿಯ ಮುಖ ನೋಡುತ್ತಾ, ಮಾತಾಡುತ್ತಾ, ಹಿಂದೆ ಹಿಂದೆ ಸರಿದು ಹಾಸಿಕೊಂಡು ಹೋದವರಿಗೆ ಕೊನೆಗೆ ಬೆನ್ನಿಗೆ ಗೋಡೆ ತಾಗಿತು. ಗಾರೆ ಬಿಗಿಯಲೆಂದು ಸಂಜೆಯತನಕ ಮೂಲೆಯಲ್ಲಿ ಮುದುರಿ ಕೂತರು. ಅವಳು ನಕ್ಕೂ ನಕ್ಕೂ ಬಾಳೆಹಣ್ಣು ಎಸೆದಳೇ ಹೊರತು ಹೊಸ್ತಿಲು ಬಿಟ್ಟು ಏಳಲಿಲ್ಲ. ಇಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಆ ದಿನ ನೆನೆದರೆ ಮೇಸ್ತ್ರಿಗೆ ಈಗಲೂ ಜೀವ ಹಗುರಾಗುತ್ತದೆ.

ಈಗ ಅದೇ ನೆಲದ ನಡುವೆ, ಫ್ಯಾನಿನ ಕೆಳಗೆ, ಅವಳ ಮಂಚ. ಲಕ್ವ ಹೊಡೆದು ಎಡಗಾಲು ಸೋತಿತ್ತು. ವ್ಯಾಯಾಮ ಮಾಡಿಸುವಾಕೆ ಖಡಾಖಂಡಿತವಾಗಿ ಹೇಳಿಹೋಗಿದ್ದಳು: "ದಿನಾ ಒಂದೇ ಸಮ ನಲವತ್ತು ಹೆಜ್ಜೆ. ಬಲಕ್ಕೆ ಜಾಗ ಇದ್ರೆ ಬಲಕ್ಕೆ ತಿರುಗಲಿ, ಇಲ್ದಿದ್ರೆ ನೇರ. ಎಡಕ್ಕೆ ಬೇಡವೇ ಬೇಡ, ಬಿದ್ದುಬಿಡ್ತಾರೆ. ಈ ತಿಂಗಳು ನಡೀದೆ ಹೋದ್ರೆ ಮಂಚವೇ ಗತಿ."

ಮಂಚದ ಸುತ್ತಲೇ ತಿರುಗಿಸೋಣವೆಂದರೆ ಅವಳು ಒಪ್ಪಲಿಲ್ಲ.

"ಗಾಣದೆತ್ತಿನ ಹಾಗೆ ಸುತ್ತಿದ್ದನ್ನೇ ಸುತ್ತಲ್ಲ ನಾನು. ಹಾಸಿದ ಕಲ್ಲು ಮೆಟ್ಟಬಾರದು ಅಂತ ಜೀವಮಾನವೆಲ್ಲ ಹೇಳಿದ್ರಲ್ಲ, ಹಾಗೇ ಮೆಟ್ಟಿದ ಕಲ್ಲು ಮತ್ತೆ ಮೆಟ್ಟದ ಒಂದು ದಾರಿ ತೋರಿಸಿ, ನಡೀತೀನಿ."

ಹುಟ್ಟುಗುಣ ಸುಟ್ಟರೂ ಹೋಗದು. ಮೇಸ್ತ್ರಿ ಚೌಕಳಿ ಹಾಳೆ ಹಿಡಿದು ಕೂತರು. ಕಲ್ಲಿಗೊಂದು ಹೆಜ್ಜೆ. ನಡುವೆ ಮಂಚ, ಗೋಡೆಗೆ ಹೊಲಿಗೆ ಮಿಷನ್ನು, ಮೂಲೆಯ ಪಕ್ಕ ನಾಲ್ಕಾಳಿಗೂ ಕದಲದ ಬೀರು. ಮೂರು ದಿನ ಗೀಚಿ ಅಳಿಸಿದರು. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಮೂವತ್ತೊಂದಕ್ಕೆ ಬಾಗಿಲು ಬಂದುಬಿಡುತ್ತಿತ್ತು. ಊರವರ ಮನೆ ನೆಲವೆಲ್ಲ ಅಳೆದ ತನಗೆ ಹೆಂಡತಿಗೆ ಬೇಕಾದ ಒಂಬತ್ತು ಕಲ್ಲು ಸಿಗಲಿಲ್ಲವಲ್ಲ ಎಂದು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.

ವಾಪಸ್ಸು ಬರುವಷ್ಟರಲ್ಲಿ ಹಾಳೆ ಅವಳ ಕೈಯಲ್ಲಿತ್ತು.

"ಬಾಗಿಲಲ್ಲಿ ಯಾಕೆ ನಿಲ್ಲಿಸಿದೀರಿ?"

"ಕೊನೆಗೆ ಬಾಗಿಲಿಗೇ ತಾನೇ ಬರಬೇಕಾದ್ದು?"

"ನಾನೇನು ಕಲ್ಲು ಹಾಸ್ತಿದೀನಾ, ರೀ?"

ಅವಳ ಬೆರಳು ಮಂಚವನ್ನು ಒಂದು ಸುತ್ತು ಬಳಸಿ, ಹೊರಸುತ್ತಿಗೆ ಬಿದ್ದು, ಬಾಗಿಲ ಮುಂದೆ ಹಾದು, ಗೋಡೆಗುಂಟ ನಡೆದು, ಬೀರುವಿನ ಪಕ್ಕದ ಮೂಲೆಯಲ್ಲಿ ನಿಂತಿತು. ಮೇಸ್ತ್ರಿ ಎಣಿಸಿದರು. ನಲವತ್ತಮೂರು. ತಾನು ಹಿಂದೊಮ್ಮೆ ಸಿಕ್ಕಿಬಿದ್ದ ಮೂಲೆ.

ಮಾರನೆಯ ಬೆಳಿಗ್ಗೆ ಆ ಮೂಲೆಯಲ್ಲಿ ಕುರ್ಚಿಯಿಟ್ಟು, ಕೋಲು ಹಿಡಿದ ಅವಳ ಹಿಂದೆ ಎಣಿಸುತ್ತಾ ಹೊರಟರು. ಮೂವತ್ತೊಂದಕ್ಕೆ ಅವಳ ಉಸಿರು ಸಾಲದಾಯಿತು. ಬಾಗಿಲ ಕಡೆ ಒಮ್ಮೆ ನೋಡಿದಳು, ನಿಲ್ಲಲಿಲ್ಲ. ನಲವತ್ತಮೂರಕ್ಕೆ ಕುರ್ಚಿಯಲ್ಲಿ ಕುಸಿದು ಕೂತಳು. ಮೇಸ್ತ್ರಿ ಅವಳ ಕಾಲ ಬಳಿ ನೆಲಕ್ಕೇ ಕೂತರು. ಆಮೇಲೆ ಕೇಳಿದರು:

"ಮೆಟ್ಟಿದ್ದನ್ನ ಮೆಟ್ಟಬಾರದು ಅಂದ್ಮೇಲೆ ಈಗ ಎದ್ದು ಹೋಗೋದು ಹೇಗೇ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗಾರೆ ಒಣಗಲಿ, ಕೂತಿರಿ."