ಪಡುವಲ ಕಿಟಕಿಗಳು

ತಲೆಗೆ ಬಣ್ಣ ಹಚ್ಚಿಕೊಳ್ಳುವಾಗ ಏಳುವ ಘಾಟು ನಿಮಗೂ ಗೊತ್ತಿರಬೇಕು. ಮೂಗಿನಿಂದ ನೆತ್ತಿಗೆ ಸರ್ರನೆ ಏರಿ ಕಣ್ಣಲ್ಲಿ ನೀರು ತರಿಸುವ ಅಮೋನಿಯದ ವಾಸನೆ. ಹೋದ ಭಾನುವಾರ ಲಂಡನ್ನಿನ ಕೊಲಿಂಡೇಲಿನಲ್ಲಿರುವ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಹಳೆಯ ಟವೆಲ್ಲು ಹೆಗಲಿಗೆ ಹಾಕಿಕೊಂಡು, ನನ್ನ ನರೆಯನ್ನು ಬೈದುಕೊಳ್ಳುತ್ತ ಕೂತಿದ್ದೆ. ಹೊರಗಿನಿಂದ ಮಗಳು, "ಮಮ್ಮಾ, ಓಪನ್ ದ ವಿಂಡೋ, ಪ್ಲೀಸ್! ಇಟ್ ಸ್ಟಿಂಕ್ಸ್!" ಎಂದು ಕೂಗಿದಳು. ತೆಗೆಯಲು ಮನಸ್ಸು ಬರಲಿಲ್ಲ. ಅವಳಿಗೆ ಅದು ನಾತ, ನನಗೆ ಅಪ್ಪನ ಅಂಗಿಯ ವಾಸನೆ.

ಆಗ ನಾವು ವೆಂಬ್ಲಿಯಲ್ಲಿದ್ದೆವು. ಅಪ್ಪ, ಅವ್ವ, ಒಂಬತ್ತು ವರ್ಷದ ನಾನು. ಅಪ್ಪ ಟ್ಯೂಬ್ ರೈಲು ಹಿಡಿದು ಹೋಗಿ ಒಂದು ಆಫೀಸಿನಲ್ಲಿ ಇಡೀ ದಿನ ಪರರ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ನಕ್ಷೆಯ ಪ್ರತಿ ತೆಗೆಯುವ ಯಂತ್ರಕ್ಕೆ ಅಮೋನಿಯ ಬೇಕಿತ್ತು; ಅದು ಅವನ ತೋಳು, ಕಾಲರು, ಊಟದ ಡಬ್ಬಿಗೂ ಅಂಟಿಕೊಂಡು ಮನೆಗೆ ಬರುತ್ತಿತ್ತು. ಹೀಗಿರುವಾಗ ವಿಜಾಪುರದ ಕಡೆಯ ನಮ್ಮೂರಿನ ಹಿರಿಯರಿಂದ ಒಂದು ಕಾಗದ ಬಂತು. ಊರಿಗೊಂದು ಕಾಲೇಜು ಆಗಬೇಕು, ಜಾಗ ಸಿಕ್ಕಿದೆ, ನಕ್ಷೆ ನೀನೇ ಬರೆದು ಕಳಿಸು, ನಿಂತು ಕಟ್ಟಿಸಲಿಕ್ಕೂ ನೀನೇ ಬಾ ಎಂದಿದ್ದರು. ಆ ಕೊನೆಯ ಮಾತನ್ನು ಅವ್ವ ಅಪ್ಪನಿಂದ ಎರಡು ಸಲ ಓದಿಸಿದಳು. ನಕ್ಷೆ ಮುಗಿಯಿತೆಂದರೆ ಊರಿಗೆ ಹೊರಟೆವು ಎಂದೇ ಲೆಕ್ಕ. ಬಂದು ಮೂರು ವರ್ಷವಾದರೂ ಅವಳ ಇಳಕಲ್ ಸೀರೆಗಳು ಮೆಟ್ಟಿಲ ಕೆಳಗಿನ ಟ್ರಂಕಿನಲ್ಲೇ ಇದ್ದವು. ಇನ್ನು ತೆಗೆಯುವ ಮಾತೇ ಇಲ್ಲವಾಯಿತು. ಊಟದ ಟೇಬಲ್ಲನ್ನು ಅಪ್ಪ ನಕ್ಷೆಗಾಗಿ ಹಿಡಿದ. ನಾನು ತಾಟು ಹಿಡಿದು ಅತ್ತ ಹೋದರೆ ಅವ್ವ ಗದರುತ್ತಿದ್ದಳು: "ಟೇಬಲ್ ಮ್ಯಾಲ ಕಾಲೇಜ ಐತಿ, ಕೆಳಗ ಕೂಡು!" ಗದರುವಾಗಲೂ ಅವಳ ದನಿಯಲ್ಲಿ ಎಂಥದೋ ಹಿಗ್ಗಿರುತ್ತಿತ್ತು. ಎರಡು ಚಳಿಗಾಲ ನಾವು ನೆಲದ ಮೇಲೆಯೇ ಉಂಡೆವು.

ಆ ಚಳಿಗಾಲಗಳನ್ನು ಹೇಗೆ ಹೇಳಲಿ! ಸೂರ್ಯ ಅನ್ನುವವನು ನಮ್ಮ ಮನೆಗೆ ಬರುತ್ತಿದ್ದುದೇ ಮಧ್ಯಾಹ್ನದ ಮೇಲೆ, ಅದೂ ಪಡುವಲ ಕಿಟಕಿಯಿಂದ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಿಸಿಲಿನ ತುಂಡು ನೆಲದ ಮೇಲೆ ಬಿದ್ದ ಕೂಡಲೇ ಅಪ್ಪ ಕುರ್ಚಿ ಎಳೆದುಕೊಳ್ಳುತ್ತಿದ್ದ, ಅದು ಸರಿದಂತೆ ತಾನೂ ಸರಿಯುತ್ತಿದ್ದ. ಅವನ ಕಾಲ ಬಳಿ ನಾನು ಕೂತು ಪೆನ್ಸಿಲ್ ಚೂಪು ಮಾಡಿ ಕೊಡುತ್ತಿದ್ದೆ. ಕಾಲೇಜಿನ ಒಂದೊಂದು ಕೋಣೆಯನ್ನೂ ಬೆರಳಿಟ್ಟು ತೋರಿಸುತ್ತಿದ್ದ. "ಇಲ್ಲಿ ನೋಡು, ಏಳು ದೊಡ್ಡ ಕಿಡಕಿ. ಸಂಜಿಮಟ ಬಿಸಲ ಒಳಗ ಬರತೈತಿ. ಹುಡುಗರು ಬೆಚ್ಚಗ ಕುಂತು ಓದತಾವ." ನನಗೆ ಅದು ಸ್ವರ್ಗದ ವರ್ಣನೆಯ ಹಾಗೆ ಕೇಳುತ್ತಿತ್ತು. ಮುಂದೆ ನಾನು ಓದುವುದೂ ಅಲ್ಲೇ ಎಂದು ಏಳರಲ್ಲಿ ಒಂದು ಕಿಟಕಿಯನ್ನು ನನ್ನದೆಂದು ಗುರುತು ಹಾಕಿಟ್ಟುಕೊಂಡಿದ್ದೆ.

ಕೊನೆಗೂ ನಕ್ಷೆ ಮುಗಿಯಿತು. ಒಂದು ಶನಿವಾರ ಅಪ್ಪ ಆಫೀಸಿನಿಂದ ಅದರ ಪ್ರತಿ ತೆಗೆಸಿಕೊಂಡು ತಂದ. ಮನೆ ತುಂಬ ಅಮೋನಿಯದ ಘಾಟು. ಸೋಮವಾರ ಊರಿಗೆ ಪೋಸ್ಟ್ ಮಾಡುವುದಿತ್ತು. ಅವ್ವ ನಕ್ಷೆಗೆ ಕುಂಕುಮ ಹಚ್ಚಲು ಬಟ್ಟಲು ಹಿಡಿದು ಬಂದವಳು, ಮೊದಲ ಸಲ ಅದನ್ನು ಸರಿಯಾಗಿ ಬಗ್ಗಿ ನೋಡಿದಳು.

"ಇವೇನ್ರೀ, ಈ ಸಾಲು?"

"ಕಿಡಕಿ."

"ಯಾ ಕಡೆ ಮಾರಿ ಅವಕ್ಕ?"

"ಪಡುವಲಕ್ಕ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಅಯ್ಯ ಶಿವನ! ಹುಡುಗರನ್ನ ರೊಟ್ಟಿ ಸುಟ್ಟಂಗ ಸುಡಾವ್ರೇನ್ರೀ? ನಮ್ಮೂರ ಬ್ಯಾಸಗಿ ಮರತ ಬಿಟ್ರೇನು?"

ಹೌದಲ್ಲ. ನಮ್ಮೂರಿನಲ್ಲಿ ಪಡುವಲ ಗೋಡೆಗೆ ಯಾರೂ ಕಿಟಕಿ ಇಡುವುದಿಲ್ಲ. ಇಟ್ಟರೂ ಅಂಗೈಯಗಲದ ಬೆಳಕಿಂಡಿ. ಆ ಬಿಸಿಲನ್ನು ಹೊರಗಿಡುವುದಕ್ಕೇ ಅಲ್ಲಿ ಅಷ್ಟು ದಪ್ಪ ಗೋಡೆ. ಆ ಬಿಸಿಲಲ್ಲೇ ಹುಟ್ಟಿ ಬೆಳೆದ ಅಪ್ಪ, ವೆಂಬ್ಲಿಯ ಬಡಪಾಯಿ ಬಿಸಿಲಿಗೆ ಮೈಯೊಡ್ಡಿ ಕೂತು, ಊರಿಗೆ ಲಂಡನ್ನಿನ ಕಾಲೇಜು ಬರೆದಿದ್ದ. ಅವನು ನಗಲಿಲ್ಲ. ನಕ್ಷೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಪಾಟಿನ ಮೇಲೆ ಇಟ್ಟ.

"ತಿದ್ದಿದ್ರ ಆತು ಬಿಡ್ರಿ, ಅದಕ್ಯಾಕ ಇಷ್ಟು?" ಎಂದಳು ಅವ್ವ, ನಗು ಅಲ್ಲಿಗೇ ನಿಂತಿತ್ತು.

"ಊರ ಬಿಸಲ ಮರತಾಂವ ಊರಾಗ ಏನ್ ಕಟ್ಟತಾನ," ಎಂದ ಅಪ್ಪ.

ತಿದ್ದಲೇ ಇಲ್ಲ. ಊರಿನಿಂದ ಮತ್ತೆರಡು ಕಾಗದ ಬಂದವು. ಅಪ್ಪ ಅವಕ್ಕೆ ಉತ್ತರ ಬರೆಯಲಿಲ್ಲ, ಆಮೇಲೆ ಅವೂ ನಿಂತವು. ಆ ಜಾಗದಲ್ಲಿ ಕಾಲೇಜು ಏಳಲಿಲ್ಲವೆಂದು ಬಹಳ ವರ್ಷಗಳ ನಂತರ ಯಾರೋ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವ್ವನಿಗೆ ತಾನು ನಕ್ಕದ್ದೇ ಊರಿನ ದಾರಿ ಮುಚ್ಚಿತೆಂಬ ಸಂಕಟ. "ಸುಮ್ಮನ ಕುಂಕುಮ ಹಚ್ಚಿ ಬಂದಿದ್ರ ನನ್ನ ಗಂಟೇನ್ ಹೋಗತಿತ್ತು" ಎಂದು ಪಾತ್ರೆ ತೊಳೆಯುವಾಗ ತನ್ನಷ್ಟಕ್ಕೇ ಅನ್ನುತ್ತಿದ್ದುದನ್ನು ಎಷ್ಟೋ ಸಲ ಕೇಳಿದ್ದೇನೆ. ಒಂದು ದಿನ ಶಾಲೆಯಿಂದ ಬಂದಾಗ ಟ್ರಂಕು ಖಾಲಿಯಾಗಿತ್ತು, ಸೀರೆಗಳೆಲ್ಲ ಕಪಾಟಿಗೇರಿದ್ದವು. ಅಂದು ಮೂವರೂ ಟೇಬಲ್ಲಿಗೆ ಕೂತು ಉಂಡೆವು. ಅಷ್ಟು ರುಚಿಯಿಲ್ಲದ ಊಟ ನಾನು ಇಂದಿಗೂ ಉಂಡಿಲ್ಲ.

ಅಪ್ಪ ಹೋಗಿ ಬಹಳ ಕಾಲವಾಯಿತು. ಹೋದ ಚಳಿಗಾಲ ಅವ್ವನೂ ಹೋದಳು. ವೆಂಬ್ಲಿಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಪಡುವಲ ಕಿಟಕಿಗೆ ದಪ್ಪ ಪರದೆ ಹಾಕಿದ್ದಾರೆ. ಸಾಮಾನಿನ ಜೊತೆ ಆ ಸುರುಳಿಯೂ ನನ್ನಲ್ಲಿಗೆ ಬಂದಿತ್ತು, ಬಿಚ್ಚುವ ಧೈರ್ಯವಿರಲಿಲ್ಲ. ಭಾನುವಾರ ತಲೆ ತೊಳೆದುಕೊಂಡು ಬಂದವಳೇ ಅದನ್ನು ಇಳಿಸಿದೆ. ಅಪ್ಪನ ರಬ್ಬರ್ ಬ್ಯಾಂಡ್ ಇರಲಿಲ್ಲ. ಅವ್ವನ ಲಂಗದ ಲಾಡಿಯಿಂದ, ಅವಳು ಹಾಕುವಂಥದೇ ಗಟ್ಟಿ ಗಂಟು ಹಾಕಿ ಕಟ್ಟಿತ್ತು. ಅಪ್ಪ ಸುತ್ತಿಟ್ಟ ಮೇಲೆ ಅದನ್ನು ಬಿಚ್ಚಿದವಳು ಅವಳು.

ಟೇಬಲ್ಲಿನ ಮೇಲೆ ಹಾಸಿದೆ. ಗೆರೆಗಳು ಮಾಸಿದ್ದವು, ಘಾಟು ಎಂದೋ ಹೋಗಿತ್ತು. ಏಳು ಕಿಟಕಿಗಳೂ ಇದ್ದವು. ಒಂದೊಂದರ ಎದುರಿಗೂ ನೀಲಿ ಪೆನ್ನಿನಲ್ಲಿ ಒಂದೊಂದು ಗಿಡ. ನಕ್ಷೆಯಲ್ಲಿ ಗಿಡವನ್ನು ಮೇಲಿನಿಂದ ಕಂಡಂತೆ ದುಂಡಗೆ ಬರೆಯಬೇಕೆಂದು ಅವ್ವನಿಗೆ ಏನು ಗೊತ್ತು? ಬೊಡ್ಡೆ, ಟೊಂಗೆ, ಚಿಕ್ಕ ಚಿಕ್ಕ ಎಲೆ ಬರೆದಿದ್ದಳು. ಏಳೂ ಗಿಡ ನೆಲದ ಮೇಲೆ ಮಲಗಿದಂತೆ ಕಾಣುತ್ತಿದ್ದವು. ಪ್ರತಿಯೊಂದರ ಕೆಳಗೂ ಅವಳ ಕೈಬರಹ: ಬೇವು. ಕಿಟಕಿಗಳನ್ನು ಅಳಿಸಿರಲಿಲ್ಲ, ಗಂಡನ ಒಂದು ಗೆರೆಯನ್ನೂ ಮುಟ್ಟಿರಲಿಲ್ಲ. ಬೇವಿನ ಸಸಿ ಅಷ್ಟೆತ್ತರ ಬೆಳೆದು ನೆರಳು ಕೊಡಲು ವರ್ಷಗಟ್ಟಲೆ ಬೇಕು. ಅವ್ವ ಅಷ್ಟೂ ವರ್ಷ ಕಾಯಲು ತಯಾರಾಗಿದ್ದಳು, ಅವನಿಗೆ ತೋರಿಸುವ ಧೈರ್ಯ ಮಾತ್ರ ಆಗಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಸಂಜೆ ಮಗಳು ತಾಟು ಹಿಡಿದು ಬಂದಳು. ನಾನು ಕೆಳಗೆ ಚಾಪೆ ಹಾಸಿದ್ದೆ.

"ವೈ ಆನ್ ದ ಫ್ಲೋರ್, ಮಮ್ಮಾ?"

"ಟೇಬಲ್ ಮ್ಯಾಲ ಕಾಲೇಜ ಐತಿ," ಎಂದೆ. "ಕೆಳಗ ಕೂಡು."