ಖಾಲಿ ಹಲಗೆ

ಬಂದರಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಹಲಗೆಯಕ್ಕ. ಗಂಡ ತೀರಿಕೊಂಡ ಮೇಲೆ ಹವಾಮಾನ ಕಚೇರಿಯಲ್ಲಿ ಕಸ ಗುಡಿಸಲು ಸೇರಿದವಳು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಹೊರಗೋಡೆಯ ಕರಿಹಲಗೆಯ ಮೇಲೆ ಬರೆಯುವ ಕೆಲಸ ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ದಿನಾ ಮಧ್ಯಾಹ್ನ ರಾಜಧಾನಿಯಿಂದ ಟೆಲಿಫೋನಿನಲ್ಲಿ ವರದಿ ಬರುತ್ತಿತ್ತು. ಬಿರುಗಾಳಿ ಇದ್ದರೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಎಂದು ಬರೆಯುವಳು. ಇಲ್ಲದಿದ್ದರೆ ಹಲಗೆ ಒರೆಸಿ ಖಾಲಿ ಬಿಡುವಳು. ಸೀಮೆಸುಣ್ಣ ಉಳಿಸಲೆಂದು ಹಿಂದಿನ ಯಾವನೋ ಜಿಪುಣ ಗುಮಾಸ್ತ ಹಾಕಿಕೊಟ್ಟ ರೂಢಿ ಅದು. ಮೀನುಗಾರರು ನಾಲ್ಕು ಗಂಟೆಗೆ ದೋಣಿ ಬಿಡುವ ಮುಂಚೆ ದೂರದಿಂದಲೇ ಕತ್ತು ಚಾಚಿ ನೋಡುವರು. ಹಲಗೆ ಕಪ್ಪಗೆ ಕಂಡರೆ ಸಮುದ್ರ ಸುಮ್ಮನಿದೆ ಎಂದು ಹೊರಡುವರು.

ಆ ವಾರ ಊರಿಗೆ ಊರೇ ರೇಡಿಯೋಗೆ ಕಿವಿ ಕೊಟ್ಟು ಕೂತಿತ್ತು. ಗಡಿಯಲ್ಲಿ ದಂಡು ಸೇರಿದೆ, ಮಾತುಕತೆ ಮುರಿದು ಬಿದ್ದಿದೆ ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆಯುತ್ತಿದ್ದವು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ದಂಡನಾಯಕರೇ. ಸಕ್ಕರೆ ಡಬ್ಬಿಯನ್ನು ಕೋಟೆ ಮಾಡಿ, ಚಮಚಗಳನ್ನು ಅತ್ತಿತ್ತ ಸರಿಸಿ ಯುದ್ಧ ಗೆದ್ದು ಮನೆಗೆ ಹೋಗುತ್ತಿದ್ದರು. ಅಂಗಡಿಗಳಲ್ಲಿ ಸೀಮೆಎಣ್ಣೆ, ಬೆಂಕಿಪೊಟ್ಟಣ ಮಂಗಮಾಯ. ನಾಳೆಯಿಂದ ಸಮುದ್ರಕ್ಕೂ ಯಾರನ್ನೂ ಬಿಡುವುದಿಲ್ಲವಂತೆ ಎಂದು ಶನಿವಾರ ಬೆಳಿಗ್ಗೆ ಒಬ್ಬ ಅಂದ. ಅಷ್ಟೇ ಸಾಕಾಯಿತು, ಇವತ್ತೊಂದು ದಿನ ಹೇಗಾದರೂ ಬಲೆ ಬೀಸಲೇಬೇಕೆಂದು ಬಂದರಿನ ಇಪ್ಪತ್ತೆರಡು ದೋಣಿಗಳವರೂ ತುದಿಗಾಲಲ್ಲಿ ನಿಂತರು.

ಆ ದಿನ ಹನ್ನೆರಡೂವರೆಗೆ ವರದಿ ಬಂತು. ಸಂಜೆ ಆರರೊಳಗೆ ದೊಡ್ಡ ಬಿರುಗಾಳಿ. ಅಕ್ಕ ಸೀಮೆಸುಣ್ಣ ತೆಗೆದುಕೊಂಡು ಎದ್ದಳು. ಕಚೇರಿಯ ಸಾಹೇಬರು ಬಾಗಿಲಿಗೆ ಅಡ್ಡ ಬಂದರು.

"ಬರೀಬೇಡಿ. ಬೆಳಿಗ್ಗೆ ಆದೇಶ ಬಂದಿದೆ. ಇನ್ಮೇಲೆ ಹವಾಮಾನ ಅಂದ್ರೆ ಮಿಲಿಟರಿ ಗುಟ್ಟು. ಪತ್ರಿಕೆಗೂ ಇಲ್ಲ, ರೇಡಿಯೋಗೂ ಇಲ್ಲ."

"ಬರೀದೆ ಬಿಟ್ರೆ ಗಾಳಿ ಇಲ್ಲ ಅಂದ್ಕೊಂಡು ಹೋಗ್ತಾರೆ ಸಾರ್."

"ಅದೆಲ್ಲ ಆದೇಶದಲ್ಲಿ ಇಲ್ಲ."

"ಹಾಗಾದ್ರೆ ಇವತ್ತು ವರದಿ ಇಲ್ಲ ಅಂತಾದ್ರೂ ಬರೀಲಾ?"

"ಏನೂ ಬರೀಬಾರದು ಅಂದ್ರೆ ಏನೂ ಬರೀಬಾರದು. ಬಾಯಿಬಿಟ್ರೆ ಏಳು ವರ್ಷ ಜೈಲು. ಇಲ್ಲಿ ಸಹಿ ಹಾಕಿ."

ಸಾಹೇಬರು ಕೆಟ್ಟವರೇನಲ್ಲ. ಆದರೆ ಜನ್ಮದಲ್ಲಿ ಒಂದು ದಿನ ದೋಣಿ ಹತ್ತಿದವರಲ್ಲ, ನಕ್ಷೆಯ ನೀಲಿ ಬಣ್ಣವೇ ಅವರ ಪಾಲಿಗೆ ಸಮುದ್ರ. ಅಕ್ಕ ಸಹಿ ಹಾಕಿದಳು. ಹಾಕುವಾಗ ಅವಳ ತಲೆಯಲ್ಲಿ ಇದ್ದದ್ದು ಒಬ್ಬನೇ, ಅವಳ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವನ ದೋಣಿಯೂ ನಾಲ್ಕಕ್ಕೆ ಹೊರಡುವುದಿತ್ತು.

ಊಟದ ಬಿಡುವಿನಲ್ಲಿ ಅವನ ಮನೆಗೆ ಓಡುನಡಿಗೆಯಲ್ಲಿ ಹೊರಟಳು. ಅದೇ ಬೀದಿಯಲ್ಲಿ ಅವಳ ಗೆಳತಿಯ ಮನೆ. ಗೆಳತಿ ಹೊಸ್ತಿಲ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದಳು.

"ಏನೇ, ಇಷ್ಟೊತ್ತಿಗೆ ಈ ಕಡೆ? ಸಾಹೇಬರು ಓಡಿಸಿಬಿಟ್ರಾ?"

"ಇಲ್ವೇ, ತಮ್ಮನ ಮನೆಗೆ. ಸುಮ್ನೆ."

"ನಮ್ಮ ಯಜಮಾನರಿಗೆ ಇವತ್ತು ನಾಲ್ಕರವರೆಗೆ ಕಾಯೋ ತಾಳ್ಮೆ ಇಲ್ಲ. ಹಲಗೆ ಖಾಲಿ ಇದೆ ತಾನೇ?"

ಏಳು ವರ್ಷ ಎಂಬ ಮಾತು ಕಿವಿಯಲ್ಲೇ ಇತ್ತು.

"ಖಾಲಿ ಇದೆ" ಎಂದಳು. ಗೆಳತಿಯ ಮುಖ ನೋಡದೆ ಮುಂದೆ ನಡೆದಳು.

ತಮ್ಮ ಹಗ್ಗ ಸುತ್ತುತ್ತಿದ್ದ. ಬಾಗಿಲು ಹಾಕಿಕೊಂಡು ಅಕ್ಕ ಪಿಸುಗುಟ್ಟಿದಳು: "ಹೊಟ್ಟೆನೋವು ಅಂತ ಮಲಗಿಬಿಡು. ಇವತ್ತು ಹೋಗ್ಬೇಡ."

ಅವನು ದಡ್ಡನಲ್ಲ. "ಗಾಳಿ ಇದೆಯಾ ಅಕ್ಕ?"

ಅವಳು ತಲೆ ತಗ್ಗಿಸಿದಳು.

"ಮಿಕ್ಕವರಿಗೆ ಹೇಳಿದ್ಯಾ?"

"ನೀನೊಬ್ಬ ಉಳಿದ್ರೆ ಸಾಕು ನನಗೆ."

"ಅವರೆಲ್ಲ ನನ್ನ ಜೊತೆ ಬಲೆ ಎಳೆಯೋರು. ನಾನು ಕಂಬಳಿ ಹೊದ್ದು ಮಲಗಲಾ? ಬಿಡು, ನಾನೇ ಹೋಗಿ ಹೇಳ್ತೀನಿ."

ಅವಳು ಅವನ ಅಂಗಿ ಹಿಡಿದು ಜಗ್ಗಿದಳು. ನಿನಗೆ ಯಾರು ಹೇಳಿದ್ದು ಅಂತ ಕೇಳಿದರೆ ಏನಂತೀಯ, ನನ್ನನ್ನು ಜೈಲಿಗೆ ಹಾಕಿಸ್ತೀಯಾ ಎಂದು ಅತ್ತಳು. ಅವನು ಅಂಗಿ ಬಿಡಿಸಿಕೊಳ್ಳುವನು, ಅವಳು ಮತ್ತೆ ಹಿಡಿಯುವಳು. ಹೀಗೇ ಹೊತ್ತು ಹೋಯಿತು. ಕೊನೆಗೆ ಅವನು ಗೋಡೆಗೆ ಒರಗಿ ಕೂತು, "ಸರಿ, ಮಲಗ್ತೀನಿ. ಆದ್ರೆ ಇನ್ಮೇಲೆ ನನ್ನ ಮನೆಗೆ ಬರಬೇಡ" ಎಂದ. ಅವಳು ಬೆಳೆಸಿದ ಹುಡುಗನ ಮಾತು ಅದು. ಅಕ್ಕನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎದ್ದಳು. ಬಂದರಿನವರೆಗೂ ಓಡಿದಳು.

ಎರಡೂ ಮುಕ್ಕಾಲಿಗೆ ಹಲಗೆಯ ಅಂಚಿನಿಂದ ಅಂಚಿಗೆ ಬರೆದಳು: ಆರರೊಳಗೆ ಬಿರುಗಾಳಿ, ಯಾರೂ ಹೋಗಬೇಡಿ. ಸಾಹೇಬರು ಕಿಟಕಿಯಿಂದ ಓದಿದರು. ಓದಿ, ಕಿಟಕಿ ಮುಚ್ಚಿಕೊಂಡರು. ಕಟ್ಟೆಯ ಮೇಲಿದ್ದವರು ಗೊಣಗುತ್ತಾ ಬಲೆಗಳನ್ನು ಮತ್ತೆ ದಡಕ್ಕೆ ಎಳೆದರು. ಅಕ್ಕ ದೋಣಿಗಳನ್ನು ಎಣಿಸಿದಳು. ಇಪ್ಪತ್ತೊಂದು. ಇನ್ನೊಮ್ಮೆ ಎಣಿಸಿದಳು.

"ಇನ್ನೊಂದು ಎಲ್ಲಿ?"

"ಅವರು ಎರಡಕ್ಕೇ ಹೊರಟರಲ್ಲ, ಅಣ್ಣ ತಮ್ಮ ಇಬ್ಬರೂ" ಎಂದು ಯಾರೋ ಅವಳ ಗೆಳತಿಯ ಗಂಡನ, ಮೈದುನನ ಹೆಸರು ಹೇಳಿದರು.

ಗಾಳಿ ಐದೂವರೆಗೇ ಬಂತು. ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ಯುದ್ಧ ಸಾರಿದರು. ಪತ್ರಿಕೆಯ ಎಂಟೂ ಪುಟಗಳಲ್ಲಿ ಯುದ್ಧ. ಮುಳುಗಿದ ದೋಣಿಯ ಬಗ್ಗೆ ಒಂದು ಸಾಲಿಲ್ಲ. ಬರೆದರೆ ಗಾಳಿ ಬೀಸಿತ್ತೆಂದು ಶತ್ರುವಿಗೆ ತಿಳಿಯುತ್ತದಂತೆ. ಬಂದರಿನವರು ಮಾತ್ರ ಹಲಗೆಯಕ್ಕನ ಕೈ ಹಿಡಿದು, ನೀನಿಲ್ಲದಿದ್ದರೆ ನಮ್ಮ ಮನೆಗಳಲ್ಲಿ ದೀಪ ಹಚ್ಚುವವರು ಇರುತ್ತಿರಲಿಲ್ಲ ಎಂದು ಕಣ್ಣೀರು ಹಾಕಿದರು. ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಗೆಳತಿ ಮನೆಗೆ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಕೂರು ಅಂದರೂ ಕೂರಲಿಲ್ಲ.

"ಅವತ್ತು ನಮ್ಮ ಬಾಗಿಲ ಮುಂದೆ ಹೋದೆಯಲ್ಲ, ಆಗ ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಗೊತ್ತಿದ್ದವರು ಸಾಹೇಬರು ಮತ್ತು ತಮ್ಮ, ಇಬ್ಬರೂ ಬಾಯಿ ಬಿಡುವವರಲ್ಲ. ಆದರೆ ಹಲಗೆಯಕ್ಕನಿಗೆ ಇನ್ನೊಂದು ಸಲ ಆ ಮುಖದಿಂದ ಕಣ್ಣು ತಪ್ಪಿಸಲು ಆಗಲಿಲ್ಲ.

"ಗೊತ್ತಿತ್ತು."

ಗೆಳತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅವರು ಆಗ ಒಳಗೇ ಇದ್ರು," ಎಂದಳು, "ಊಟ ಮಾಡ್ತಾ ಇದ್ರು."